ಟ್ರ್ಯಾಕ್ ಜಾಗಕ್ಕೆ ಕಾರ್ ಕೂರಿಸುವಾಗ ಟಿ ಸೆಲ್ ಸಾಯುತ್ತಿವೆ: ತಪ್ಪು ಎಲ್ಲಿ?

ಉಳ್ಳಾಲ_ಟಿಸೆಲ್ | ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸಿಡಿ19 ಕಾರ್ (ಬಿ ಸೆಲ್ ಮೇಲಿನ ಸಿಡಿ19 ಗುರುತನ್ನು ಹಿಡಿಯುವ ಕೃತಕ ಗ್ರಾಹಕ) ಅನ್ನು ಟಿ ಸೆಲ್‌ನ ಟ್ರ್ಯಾಕ್ ಜೀನಿನ (ಟಿ ಸೆಲ್‌ನ ಸ್ವಂತ ಗ್ರಾಹಕ ಟಿಸಿಆರ್‌ನ ಒಂದು ಭಾಗ ಮಾಡುವ ಜೀನ್) ಮೊದಲ ಎಕ್ಸಾನ್‌ಗೇ ಕ್ರಿಸ್ಪರ್ ಎಂಬ ಜೀನ್ ಕತ್ತರಿಯ ಮೂಲಕ ಕೂರಿಸುವ ಕೆಲಸ. ಜೀನ್ ಹೊತ್ತೊಯ್ಯುವ ವೈರಸ್‌ಗಳಾದ ಲೆಂಟಿವೈರಸ್ ಇಲ್ಲ, ಎಎವಿಯೂ ಇಲ್ಲ. ಪಿಸಿಆರ್ ಮಾಡಿದ ಎರಡೆಳೆ ಡಿಎನ್‌ಎಯೇ ಟೆಂಪ್ಲೇಟ್ (ಕತ್ತರಿಸಿದ ಜಾಗಕ್ಕೆ ಸೇರಬೇಕಾದ ತುಣುಕು). ಸದ್ಯಕ್ಕೆ ಆರೋಗ್ಯವಂತ ದಾನಿಗಳ ರಕ್ತದಲ್ಲಿ ಬರೀ ಪ್ರಯೋಗ, ರೋಗಿಗೆ ಕೊಡುವ ಮಾತಿಲ್ಲ. ಬಯೋಸೇಫ್ಟಿ ಸಮಿತಿ, ಎಥಿಕ್ಸ್ ಸಮಿತಿ ಎರಡರ ಒಪ್ಪಿಗೆಯೂ ಉಂಟು.

ಕ್ರಮ ಹೀಗೆ: ಬಫಿ ಕೋಟ್‌ನಿಂದ (ರಕ್ತದ ಬಿಳಿ ಕಣಗಳ ಪದರ) ಟಿ ಸೆಲ್ ಬೇರ್ಪಡಿಸಿ, ಸಿಡಿ3/ಸಿಡಿ28 ಮಣಿಗಳನ್ನು ಒಂದಕ್ಕೊಂದರಂತೆ ಹಾಕಿ 48 ಗಂಟೆ. ಮಣಿ ತೆಗೆದು, ಒಂದು ಬಾವಿಗೆ 10 ಲಕ್ಷ ಸೆಲ್, 20 ಮೈಕ್ರೋಲೀಟರ್ ಪಿ3 ಬಫರ್, ಲೋಂಜಾ 4ಡಿ ಯಂತ್ರದಲ್ಲಿ ಇಎಚ್-115 ವಿದ್ಯುತ್ ಪಲ್ಸ್. ಕ್ಯಾಸ್9 (ಕತ್ತರಿಸುವ ಕಿಣ್ವ) 50 ಪಿಕೋಮೋಲ್, ಗೈಡ್ (ಜಾಗ ತೋರಿಸುವ ಆರ್‌ಎನ್‌ಎ) 100 ಪಿಕೋಮೋಲ್, ಎರಡೂ ಸೇರಿದ ಆರ್‌ಎನ್‌ಪಿ 2.5 ಮೈಕ್ರೋಲೀಟರ್. ಟೆಂಪ್ಲೇಟ್ 2.5 ಕಿಲೋಬೇಸ್ (ಎರಡೂ ಬದಿ ಜೀನಿಗೆ ಹೊಂದುವ ಹೋಮಾಲಜಿ ಆರ್ಮ್ ತಲಾ 300 ಬೇಸ್), ಬಾವಿಗೆ 4 ಮೈಕ್ರೋಗ್ರಾಂ. ಕಿಟ್‌ನ ಎಲ್ಯೂಷನ್ ಬಫರ್‌ನಲ್ಲೇ ಇದೆ, ಸಾಂದ್ರತೆ ಮೈಕ್ರೋಲೀಟರ್‌ಗೆ ಅರ್ಧ ಮೈಕ್ರೋಗ್ರಾಂ.

ಫಲಿತಾಂಶ: 24 ಗಂಟೆಗೆ ಜೀವಂತ ಸೆಲ್ ಶೇ. 35. ನಾಲ್ಕನೇ ದಿನ ಟಿಸಿಆರ್ ಹೋದದ್ದು ಶೇ. 88, ಕಾರ್ ಬಂದದ್ದು ಶೇ. 6. ಡಿಎನ್‌ಎ ಹಾಕದೆ ಬರೀ ಆರ್‌ಎನ್‌ಪಿ ಹಾಕಿದ ಬಾವಿಯಲ್ಲಿ ಶೇ. 80 ಬದುಕಿವೆ. ಟೆಂಪ್ಲೇಟ್ ಹೆಚ್ಚಿಸಿದರೆ ಶೇಕಡಾವಾರು ಏರುತ್ತದೆ ಎಂದು ಕೆಲವರು, ಪಲ್ಸ್ ಬದಲಿಸಿ ಎಂದು ಕೆಲವರು. ಯಾವುದನ್ನು ಮೊದಲು ಹಿಡಿಯಲಿ?


ಮಣ್ಣಪಳ್ಳ | ಸೋಮವಾರ, ರಾತ್ರಿ 11.15

ಪಲ್ಸ್ ಮುಟ್ಟಬೇಡಿ ಮಾರಾಯ್ರೆ. ಟಿಸಿಆರ್ ಶೇ. 88 ಹೋಗಿದೆ ಎಂದರೆ ಗೈಡ್, ಕ್ಯಾಸ್9, ಪಲ್ಸ್ ಮೂರೂ ಸರಿ ಇವೆ. ಶೇ. 6 ಕಾರ್ ಕಾಣುತ್ತಿದೆ ಎಂದರೆ ಕಾರ್‌ಗೆ ಮುಂಚೆ ಜೋಡಿಸುವ ಪಿ2ಎ ಕೊಂಡಿಯ ರೀಡಿಂಗ್ ಫ್ರೇಮ್ (ಅಕ್ಷರ ಓದುವ ಸಾಲು) ಕೂಡ ಸರಿ ಕೂತಿದೆ. ಉಳಿದದ್ದು ಟೆಂಪ್ಲೇಟ್. ಅದರಲ್ಲಿ ನಿಮ್ಮ ಲೆಕ್ಕವನ್ನೇ ಒಮ್ಮೆ ನೋಡಿ: ಮೈಕ್ರೋಲೀಟರ್‌ಗೆ ಅರ್ಧ ಮೈಕ್ರೋಗ್ರಾಂ ಇದ್ದರೆ 4 ಮೈಕ್ರೋಗ್ರಾಂಗೆ 8 ಮೈಕ್ರೋಲೀಟರ್ ಬೇಕು. 20 ಮೈಕ್ರೋಲೀಟರ್ ಬಾವಿಗೆ 8 ಡಿಎನ್‌ಎ, 2.5 ಆರ್‌ಎನ್‌ಪಿ. ಅಂದರೆ ಪಿ3 ಬಫರ್ ಮೂರನೇ ಒಂದು ಪಾಲು ತೆಳ್ಳಗಾಯಿತು, ಜೊತೆಗೆ ಟ್ರಿಸ್, ಇಡಿಟಿಎ, ಕಿಟ್‌ನಿಂದ ಉಳಿದ ಉಪ್ಪು, ಎಥೆನಾಲ್. ಈ ಪಲ್ಸ್ ಆ ಬಫರ್‌ನ ವಾಹಕತೆಗೆ ಹೊಂದಿಸಿದ್ದು. ಬಫರ್ ಬದಲಾದರೆ ಪಲ್ಸ್ ಕೂಡ ಬದಲಾದಂತೆಯೇ.

ಹಾಗಾಗಿ ನಿಮ್ಮ ಕಂಟ್ರೋಲ್ ಬಾವಿ ಸಾಕ್ಷಿಗೆ ಬರುವುದಿಲ್ಲ. ಅದರಲ್ಲಿ ಡಿಎನ್‌ಎಯೂ ಇಲ್ಲ, ಆ 8 ಮೈಕ್ರೋಲೀಟರೂ ಇಲ್ಲ. ಸೆಲ್ ಕೊಂದದ್ದು ಯಾವುದು ಎಂದು ತಿಳಿಯಬೇಕಾದರೆ ಇನ್ನೊಂದು ಬಾವಿ ಬೇಕು: ಆರ್‌ಎನ್‌ಪಿ ಜೊತೆಗೆ ಅದೇ ಎಲ್ಯೂಷನ್ ಬಫರ್ ಖಾಲಿಯಾಗಿ 8 ಮೈಕ್ರೋಲೀಟರ್. ಅದರಲ್ಲೂ ಸೆಲ್ ಬಿದ್ದರೆ ಡಿಎನ್‌ಎ ಮೇಲೆ ಆರೋಪ ಹೊರಿಸುವ ಮೊದಲು ಬಫರ್ ಸರಿ ಮಾಡಿ.

ಡಿಎನ್‌ಎ ಪೂರ್ತಿ ನಿರಪರಾಧಿ ಎಂದೂ ಅಲ್ಲ. ಸೈಟೋಪ್ಲಾಸಂನಲ್ಲಿ ಬರಿಯ ಎರಡೆಳೆ ಡಿಎನ್‌ಎ ಸಿಕ್ಕಿದರೆ ಟಿ ಸೆಲ್ ಅದನ್ನು ವೈರಸ್ ಎಂದೇ ತಿಳಿಯುತ್ತದೆ. ಸಿಗ್ಯಾಸ್-ಸ್ಟಿಂಗ್ ದಾರಿ ಎಚ್ಚರಗೊಂಡು ಸೆಲ್ ಸಾಯುತ್ತದೆ. ಪ್ಲಾಸ್ಮಿಡ್ ಇನ್ನೂ ಕೆಟ್ಟದ್ದು. ನಿಮ್ಮ ಪಿಸಿಆರ್‌ಗೆ ಮೂಲ ಪ್ಲಾಸ್ಮಿಡ್ ಆಗಿದ್ದರೆ, ಡಿಪಿಎನ್1 ಕಿಣ್ವ ಹಾಕಿ ಅದನ್ನು ಕಡಿದ ಮೇಲೆಯೇ ಶುದ್ಧೀಕರಿಸಿ.

ಶುದ್ಧೀಕರಣಕ್ಕೆ ಕಾಲಮ್‌ಗಿಂತ ಎಸ್‌ಪಿಆರ್‌ಐ ಮಣಿ (ಡಿಎನ್‌ಎ ಹಿಡಿಯುವ ಕಾಂತೀಯ ಮಣಿ) ಒಳ್ಳೆಯದು. 80 ಪರ್ಸೆಂಟ್ ಎಥೆನಾಲ್‌ನಲ್ಲಿ ಎರಡು ತೊಳೆತ. ಎರಡನೇ ತೊಳೆತ ತೆಗೆದ ಮೇಲೆ ಟ್ಯೂಬನ್ನು ಒಂದು ಸುತ್ತು ಸ್ಪಿನ್ ಮಾಡಿ, ತಳದಲ್ಲಿ ಸೇರುವ ಕೊನೆಯ ಹನಿಯನ್ನು 10 ಮೈಕ್ರೋಲೀಟರ್ ಟಿಪ್‌ನಿಂದ ಎಳೆಯಿರಿ. ಮಣಿಯ ಹೊಳಪು ಆರುವವರೆಗೆ ಮಾತ್ರ ಒಣಗಿಸಿ. ಬಿರುಕು ಬಿಟ್ಟರೆ ಡಿಎನ್‌ಎ ಸರಿಯಾಗಿ ಬಿಡುವುದಿಲ್ಲ. ನಂತರ ನ್ಯೂಕ್ಲಿಯೇಸ್ ಇಲ್ಲದ ನೀರಿನಲ್ಲಿ ಇಳಿಸಿ, ಮೈಕ್ರೋಲೀಟರ್‌ಗೆ 1.5ರಿಂದ 2 ಮೈಕ್ರೋಗ್ರಾಂ ಬರಬೇಕು. ಶುದ್ಧತೆ ಹೇಳುವ 260/230 ಅನುಪಾತ 2ಕ್ಕಿಂತ ಕೆಳಗಿದ್ದರೆ ಮತ್ತೊಮ್ಮೆ ತೊಳೆಯಿರಿ.

ಆಮೇಲೆ ಪ್ರಮಾಣದ ಸರಣಿ ಹಾಕಿ: 0.5, 1, 1.5, 2 ಮೈಕ್ರೋಗ್ರಾಂ. ಎಲ್ಲ ಬಾವಿಯಲ್ಲೂ ಒಟ್ಟು ಗಾತ್ರ ಒಂದೇ ಇರಲಿ, ಕಡಿಮೆ ಬಿದ್ದಲ್ಲಿ ನೀರು ತುಂಬಿ. ಆರ್‌ಎನ್‌ಪಿ, ಡಿಎನ್‌ಎ ಎಲ್ಲ ಸೇರಿ 4–5 ಮೈಕ್ರೋಲೀಟರ್ ದಾಟಬಾರದು.

ಪಾಲಿಗ್ಲುಟಾಮಿಕ್ ಆಮ್ಲ ಸಿಕ್ಕಿದರೆ ಖಂಡಿತ ಹಾಕಿ. ಮಿಲಿಲೀಟರ್‌ಗೆ 100 ಮಿಲಿಗ್ರಾಂ ದ್ರಾವಣ, ಗೈಡ್‌ನ ಗಾತ್ರಕ್ಕೆ 0.8 ಪಾಲು. ಕ್ರಮ ಮುಖ್ಯ: ಮೊದಲು ಗೈಡ್, ಅದಕ್ಕೆ ಈ ಆಮ್ಲ, ಕೊನೆಗೆ ಕ್ಯಾಸ್9, ನಂತರ 15 ನಿಮಿಷ. ಆರ್‌ಎನ್‌ಪಿ ಮುದ್ದೆ ಕಟ್ಟದೆ ಸಣ್ಣ ಕಣಗಳಾಗಿ ನಿಲ್ಲುತ್ತದೆ. ಆಮೇಲೆ ಡಿಎನ್‌ಎ ಸೇರಿಸಿ 5 ನಿಮಿಷ ಬಿಟ್ಟು, ಸೆಲ್ ಹಾಕಿದ ಕೂಡಲೇ ಪಲ್ಸ್.


ಕಂಕನಾಡಿ_ಫ್ಲೋ | ಮಂಗಳವಾರ, ಬೆಳಿಗ್ಗೆ 7.05

ಮಣ್ಣಪಳ್ಳದವರು ಹೇಳಿದ್ದಕ್ಕೆ ಒಪ್ಪಿಗೆ. ನನ್ನ ತಕರಾರು ಪ್ರಶ್ನೆಯಲ್ಲಿರುವ ಶೇಕಡಾದ ಮೇಲೆ. ಶೇ. 6 ಎನ್ನುವುದು ಉಳಿದ ಸೆಲ್‌ಗಳಲ್ಲಿ ಆರು ಪಾಲು. ಎಷ್ಟು ಉಳಿದವು ಎಂಬುದು ಆ ಅಂಕೆಯಲ್ಲಿ ಇಲ್ಲ. 10 ಲಕ್ಷ ಹಾಕಿ ಶೇ. 35 ಬದುಕಿದರೆ ಮೂರೂವರೆ ಲಕ್ಷ, ಅದರಲ್ಲಿ ಶೇ. 6 ಎಂದರೆ 21,000 ಕಾರ್ ಸೆಲ್. ಇನ್ನೊಂದು ಬಾವಿಯಲ್ಲಿ ಕಡಿಮೆ ಡಿಎನ್‌ಎ ಹಾಕಿ ಶೇ. 65 ಬದುಕಿ, ಕಾರ್ ಶೇ. 4 ಮಾತ್ರ ಬಂತು ಎಂದಿಟ್ಟುಕೊಳ್ಳಿ: 26,000. ಶೇಕಡಾ ಇಳಿದರೂ ಕೈಗೆ ಬಂದದ್ದು ಹೆಚ್ಚು. ಅಷ್ಟೇ ಅಲ್ಲ, ಆ ಸೆಲ್‌ಗಳು ಪೆಟ್ಟು ತಿಂದದ್ದು ಕಡಿಮೆ, ಮುಂದಿನ ವಾರ ಬೆಳೆಯುವುದೂ ಚೆನ್ನಾಗಿ. ಟೆಂಪ್ಲೇಟ್ ಹೆಚ್ಚಿಸಿ ಎಂದು ಸಲಹೆ ಕೊಟ್ಟವರು ಶೇಕಡಾ ಮಾತ್ರ ನೋಡಿರಬೇಕು. ಎಣಿಕೆ ಮಣಿ ಹಾಕಿ ಪ್ರತಿ ಬಾವಿಯ ಜೀವಂತ ಕಾರ್ ಸೆಲ್ ಸಂಖ್ಯೆಯನ್ನೇ ಬರೆದುಕೊಳ್ಳಿ.

ಫ್ಲೋ ಸೈಟೋಮೆಟ್ರಿ (ಬಣ್ಣ ಹಚ್ಚಿ ಸೆಲ್ ಎಣಿಸುವುದು) ಮಾಡುವಾಗ ಲೈವ್-ಡೆಡ್ ಬಣ್ಣ ಬಿಡಬೇಡಿ. ಸತ್ತ ಸೆಲ್ ಎಲ್ಲ ಆಂಟಿಬಾಡಿಯನ್ನೂ ಹಿಡಿಯುತ್ತದೆ. ಟಿಸಿಆರ್ ಪ್ರೋಟೀನ್ ಮೇಲ್ಮೈಯಿಂದ ಇಳಿಯಲು ದಿನಗಳೇ ಬೇಕು, ಎರಡನೇ ದಿನ ನೋಡಿ ನಾಕ್-ಔಟ್ (ಜೀನ್ ಕೆಡಿಸಿದ್ದು) ಕಡಿಮೆ ಎಂದು ಗೈಡ್ ಬದಲಿಸಿದವರಿದ್ದಾರೆ. ಟೆಂಪ್ಲೇಟ್ ಮಾತ್ರ ಹಾಕಿ ಆರ್‌ಎನ್‌ಪಿ ಹಾಕದ ಬಾವಿ ಒಂದಿರಲಿ. ಕಾರ್ ಉಂಟು, ಟಿಸಿಆರ್ ಕೂಡ ಉಂಟು ಎನ್ನುವ ಮೂಲೆಯಲ್ಲಿ ಚುಕ್ಕೆ ದಟ್ಟವಾದರೆ ಕಾರ್ ಬೇರೆಲ್ಲೋ ಸೇರಿದೆಯೇ ಎಂದು ಸಂಶಯ ಪಡಿ.

ಇನ್ನೊಂದು: ನಾಕ್-ಔಟ್ ಲೆಕ್ಕವನ್ನು ಸಣ್ಣ ಪಿಸಿಆರ್ ತುಣುಕು, ಸ್ಯಾಂಗರ್ ಸೀಕ್ವೆನ್ಸಿಂಗ್, ಟೈಡ್ ಅಥವಾ ಐಸ್ ಎಂಬ ಲೆಕ್ಕದ ಸಾಫ್ಟ್‌ವೇರ್ ಇಷ್ಟರಲ್ಲೇ ಮುಗಿಸಬೇಡಿ. ಕತ್ತರಿಸಿದ ಜಾಗದ ಸುತ್ತ ಒಂದೆರಡು ಕಿಲೋಬೇಸ್ ಹಾರಿಹೋದರೆ ಪ್ರೈಮರ್ ಕೂರುವ ಜಾಗವೇ ಇಲ್ಲ, ಆ ಅಲೀಲ್ (ಜೀನಿನ ಪ್ರತಿ) ಲೆಕ್ಕಕ್ಕೇ ಸಿಗುವುದಿಲ್ಲ. ಟ್ರ್ಯಾಕ್ ಇರುವುದು 14ನೇ ಕ್ರೋಮೋಸೋಮ್‌ನಲ್ಲಿ. ಅಲ್ಲಿ ಕತ್ತರಿಸಿದಾಗ ಕೆಲವು ಸೆಲ್‌ಗಳಲ್ಲಿ ಕ್ರೋಮೋಸೋಮ್‌ನ ಭಾಗವೋ ಇಡೀ ಕ್ರೋಮೋಸೋಮೋ ಕಳೆದುಹೋಗುವುದು 2022ರಲ್ಲೇ ವರದಿಯಾಗಿದೆ. ಕತ್ತರಿಸಿದ ಜಾಗದ ಎರಡೂ ಕಡೆ ದೂರದಲ್ಲಿ ಒಂದೊಂದು ಡಿಜಿಟಲ್ ಪಿಸಿಆರ್ ಪ್ರೋಬ್ ಇಟ್ಟು ಆ ಜಾಗದ ಎಷ್ಟು ಪ್ರತಿ (ಕಾಪಿ) ಉಳಿದಿವೆ ಎಂದು ನೋಡುವುದು ದುಬಾರಿಯೇನಲ್ಲ.


ಮಲ್ಪೆ_ಹೆಮಟಾಲಜಿ | ಮಂಗಳವಾರ, ಮಧ್ಯಾಹ್ನ 1.30

ವಾರ್ಡ್ ಕಡೆಯಿಂದ ಒಂದು ಪ್ರಶ್ನೆ. ನಮ್ಮಲ್ಲಿ ಮೊದಲು ಅನುಮೋದನೆ ಸಿಕ್ಕಿದ ಕಾರ್-ಟಿ, ಅಂದರೆ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಲ್ಲಿ ಹುಟ್ಟಿ 2023ರ ಅಕ್ಟೋಬರ್‌ನಲ್ಲಿ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಒಪ್ಪಿದ ನೆಕ್ಸ್‌ಕಾರ್19, ಲೆಂಟಿವೈರಸ್‌ನಲ್ಲೇ ನಡೆಯುತ್ತಿದೆ. ಬಿ ಸೆಲ್ ಲಿಂಫೋಮಾ, ಲುಕೇಮಿಯಾ ರೋಗಿಗೆ ಅವನದೇ ಸೆಲ್ ಕೊಡುವಾಗ ಇಷ್ಟೆಲ್ಲ ಕತ್ತರಿಸುವ ಕಷ್ಟ ಯಾಕೆ?


ಮಣ್ಣಪಳ್ಳ | ಮಂಗಳವಾರ, ಸಂಜೆ 6.20

ಡಾಕ್ಟ್ರೇ, ನೀವು ಹೇಳುವ ರೋಗಿಗೆ ಲೆಂಟಿವೈರಸ್ ಸಾಕು ಎಂದೇ ನನ್ನ ಅಭಿಪ್ರಾಯ. ಕತ್ತರಿಸುವುದಕ್ಕೆ ಅರ್ಥ ಬರುವುದು ಮೂರು ಕಡೆ.

ಒಂದು, ಹತೋಟಿ. ಲೆಂಟಿವೈರಸ್ ಎಲ್ಲೆಲ್ಲೋ ಸೇರಿಕೊಳ್ಳುತ್ತದೆ, ಒಂದೊಂದು ಸೆಲ್‌ನಲ್ಲಿ ಒಂದೊಂದು ಮಟ್ಟದ ಕಾರ್. ಟ್ರ್ಯಾಕ್‌ನಲ್ಲಿ ಕೂತ ಕಾರ್ ಟಿಸಿಆರ್‌ನ ಸ್ವಂತ ಪ್ರೊಮೋಟರ್‌ನ ಕೈಕೆಳಗೆ ಬರುತ್ತದೆ. 2017ರಲ್ಲಿ ನ್ಯೂಯಾರ್ಕ್‌ನ ಸ್ಲೋನ್ ಕೆಟರಿಂಗ್ ತಂಡ ತೋರಿಸಿದ್ದು ಇದನ್ನೇ: ಎಲ್ಲ ಸೆಲ್‌ನಲ್ಲೂ ಕಾರ್ ಒಂದೇ ಮಟ್ಟ, ಗುರಿ ಕಂಡಾಗ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತದೆ, ಇಲಿಗಳಲ್ಲಿ ಸೆಲ್ ದಣಿಯುವುದು ತಡ. ಎಲ್ಲೆಂದರಲ್ಲಿ ಸೇರುವುದು ಯಾವಾಗಲೂ ಕೇಡೇ ಎಂದಲ್ಲ. 2018ರಲ್ಲಿ ವರದಿಯಾದ ಒಬ್ಬ ರೋಗಿಯಲ್ಲಿ ವೈರಸ್ ಟೆಟ್2 ಜೀನಿನೊಳಗೆ ಸೇರಿ, ಆ ಒಂದೇ ಸೆಲ್‌ನ ಸಂತತಿ ಬೆಳೆದು ಲುಕೇಮಿಯಾವನ್ನೇ ಅಳಿಸಿತು. ಅದು ಅದೃಷ್ಟ, ವಿನ್ಯಾಸ ಅಲ್ಲ. 2024ರಲ್ಲಿ ಅಮೆರಿಕದ ಎಫ್‌ಡಿಎ ಈ ಔಷಧಗಳ ಮೇಲೆ ಟಿ ಸೆಲ್ ಕ್ಯಾನ್ಸರ್‌ನ ಎಚ್ಚರಿಕೆ ಹಾಕಿಸಿದ್ದೂ ನಿಮಗೆ ಗೊತ್ತು.

ಎರಡು, ದಾನಿಯ ಸೆಲ್. ಹಲವು ಸಲ ಕೀಮೋ ಆದ ರೋಗಿಯಲ್ಲಿ ಟಿ ಸೆಲ್ ಸಾಕಷ್ಟು ಸಿಗುವುದೇ ಇಲ್ಲ. ದಾನಿಯದ್ದು ಕೊಡಬೇಕಾದರೆ ಟಿಸಿಆರ್ ತೆಗೆಯಲೇಬೇಕು, ಇಲ್ಲದಿದ್ದರೆ ಜಿವಿಎಚ್‌ಡಿ (ದಾನಿಯ ಸೆಲ್ ರೋಗಿಯ ದೇಹದ ಮೇಲೆ ಬೀಳುವ ಕಾಯಿಲೆ). ಶೇ. 88 ತೆಗೆದರೆ ಸಾಲದು; ಉಳಿದ ಟಿಸಿಆರ್ ಸೆಲ್‌ಗಳನ್ನು ಬಯೋಟಿನ್ ಆಂಟಿಬಾಡಿ, ಕಾಂತೀಯ ಮಣಿಗಳಲ್ಲಿ ಹಿಡಿದು ಹೊರಗೆ ಹಾಕಬೇಕು. ರೋಗಿಯ ದೇಹ ಇದನ್ನು ತಿರಸ್ಕರಿಸದಿರಲಿ ಎಂದು ಬಿ2ಎಂ ಜೀನ್ ಕತ್ತರಿಸಿದರೆ ಸೆಲ್‌ನ ಗುರುತುಪಟ್ಟಿಯಾದ ಎಚ್‌ಎಲ್‌ಎ ಕ್ಲಾಸ್ ಒಂದು ಮಾಯ. ಆಗ ರೋಗಿಯ ಟಿ ಸೆಲ್ ಸುಮ್ಮನಾಗುತ್ತದೆ, ಎನ್‌ಕೆ ಸೆಲ್ ಎದ್ದು ಬರುತ್ತದೆ. ಅದಕ್ಕೆ ಎಚ್‌ಎಲ್‌ಎ-ಇ ಜೋಡಿಸುವ ಉಪಾಯ. ಒಂದು ತೂತು ಮುಚ್ಚಿದರೆ ಇನ್ನೊಂದು.

ಮೂರು, ಟಿ ಸೆಲ್ ಲುಕೇಮಿಯಾ. ಸಿಡಿ7 (ಟಿ ಸೆಲ್ ಮೇಲಿನ ಗುರುತು) ಮೇಲೆ ಕಾರ್ ಮಾಡಿದರೆ ಕಾರ್-ಟಿ ಸೆಲ್‌ಗಳಲ್ಲೂ ಸಿಡಿ7 ಉಂಟಲ್ಲ, ಒಂದನ್ನೊಂದು ತಿಂದು ಬ್ಯಾಗ್ ಖಾಲಿ. ಇಲ್ಲಿ ಆ ಸಿಡಿ7 ಅನ್ನು ಹೇಗಾದರೂ ಇಲ್ಲವಾಗಿಸಬೇಕು, ಜೀನ್ ಬದಲಿಸುವುದು ಅದಕ್ಕೊಂದು ಮುಖ್ಯ ದಾರಿ. 2022ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ 13 ವರ್ಷದ ಹುಡುಗಿಗೆ ಕೊಟ್ಟದ್ದು ಹೀಗೆ ಮಾಡಿದ ದಾನಿಯ ಸೆಲ್: ಸಿಡಿ7, ಸಿಡಿ52, ಟಿಸಿಆರ್ ಬೀಟಾ, ಮೂರನ್ನೂ ಬೇಸ್ ಎಡಿಟರ್‌ನಿಂದ ನಿಲ್ಲಿಸಿ. ಬೇಸ್ ಎಡಿಟರ್ ಎರಡೂ ಎಳೆ ಕಡಿಯುವುದಿಲ್ಲ, ಒಂದು ಸಿ ಅಕ್ಷರವನ್ನು ಟಿ ಮಾಡುತ್ತದೆ ಅಷ್ಟೆ. ಜೀನಿನ ನಡುವೆ ಸ್ಟಾಪ್ ಬೀಳುತ್ತದೆ ಅಥವಾ ಸ್ಪ್ಲೈಸ್ ಕೆಡುತ್ತದೆ. ಮೂರು ಜಾಗ ಒಟ್ಟಿಗೆ ಕ್ಯಾಸ್9ನಲ್ಲಿ ಕಡಿದರೆ 17ನೇ ಕ್ರೋಮೋಸೋಮ್‌ನ ತುದಿ 1ಕ್ಕೆ, 1ರದ್ದು 7ಕ್ಕೆ ಅಂಟುವ ಅಪಾಯ ಉಂಟು. ಬರೀ ನಾಕ್-ಔಟ್ ಎರಡು ಮೂರು ಬೇಕಿದ್ದರೆ ನಾನು ಕ್ಯಾಸ್9 ಕಡೆ ಹೋಗುವುದೇ ಇಲ್ಲ.

ಪಿಡಿ-1 (ಟಿ ಸೆಲ್‌ನ ಬ್ರೇಕ್) ತೆಗೆದರೆ ಸೆಲ್‌ಗೆ ಬಲ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. 2020ರಲ್ಲಿ ಪೆನ್ಸಿಲ್ವೇನಿಯಾದವರು ಮೂವರು ರೋಗಿಗಳಿಗೆ ಟ್ರ್ಯಾಕ್, ಟಿಸಿಆರ್ ಬೀಟಾದ ಜೀನ್ ಟಿಆರ್‌ಬಿಸಿ, ಪಿಡಿ-1ರ ಜೀನ್ ಪಿಡಿಸಿಡಿ1 ಮೂರೂ ಕತ್ತರಿಸಿದ ಸೆಲ್ ಕೊಟ್ಟದ್ದನ್ನು ಪ್ರಕಟಿಸಿದರು. ಸೆಲ್‌ಗಳು ತಿಂಗಳುಗಟ್ಟಲೆ ಉಳಿದವು, ಆದರೆ ಪಿಡಿಸಿಡಿ1 ಕತ್ತರಿಸಿದವುಗಳ ಪಾಲು ಕಾಲ ಕಳೆದಂತೆ ಕುಸಿಯಿತು. ಬ್ರೇಕ್ ಇಲ್ಲದ ಗಾಡಿ ದೂರ ಹೋಗುತ್ತದೆ ಎನ್ನಲಾಗದು.


ಉಳ್ಳಾಲ_ಟಿಸೆಲ್ | ಮಂಗಳವಾರ, ರಾತ್ರಿ 10.10

8 ಮೈಕ್ರೋಲೀಟರ್ ಲೆಕ್ಕ ಕಣ್ಣೆದುರಿದ್ದರೂ ಹೊಳೆದಿರಲಿಲ್ಲ. ಎಲ್ಯೂಷನ್ ಬಫರ್ ಬಾವಿ ನಾಳೆಯೇ ಹಾಕುತ್ತೇನೆ. ಡಿಎನ್‌ಎ ರಿಪೇರಿ ತಡೆಯುವ ಮದ್ದು ಎಂ3814 ಒಂದು ವೈಯಲ್ ಫ್ರೀಜರ್‌ನಲ್ಲಿ ಉಂಟು, ಅದನ್ನೂ ಸೇರಿಸಲೇ? ಇನ್ನೊಂದು, ಪಲ್ಸ್ ಆದ ಮೇಲೆ ಸೆಲ್ ಪಿಪೆಟ್ ಟಿಪ್‌ಗೆ ಲೋಳೆಯಾಗಿ ಅಂಟಿ ಎಳೆ ಎಳೆಯಾಗಿ ಬರುತ್ತದೆ.


ಕಂಕನಾಡಿ_ಫ್ಲೋ | ಬುಧವಾರ, ಬೆಳಿಗ್ಗೆ 6.50

ಬಸಳೆ ದಂಟು ಮುರಿದಾಗ ಬರುವಂಥ ಲೋಳೆ ಅಲ್ವಾ? ಅದು ಒಡೆದ ಸೆಲ್‌ಗಳ ಡಿಎನ್‌ಎ. ಒಳ್ಳೆಯ ಸೆಲ್‌ಗಳನ್ನೂ ಅದು ಸುತ್ತಿಕೊಂಡು ಹೋಗುತ್ತದೆ, ಪಿಪೆಟ್‌ನಿಂದ ಬಿಡಿಸಲು ಹೋದರೆ ಇನ್ನಷ್ಟು ಒಡೆಯುತ್ತದೆ. ಪಲ್ಸ್ ಮುಗಿದ ಕೂಡಲೇ 80 ಮೈಕ್ರೋಲೀಟರ್ ಬೆಚ್ಚಗಿನ ಮೀಡಿಯಾವನ್ನು ಬಾವಿಯ ಗೋಡೆಗುಂಟ ಮೆಲ್ಲ ಬಿಡಿ, ಕಲಕಬೇಡಿ. ಸ್ಟ್ರಿಪ್ ಸಮೇತ 37 ಡಿಗ್ರಿಯಲ್ಲಿ 15–20 ನಿಮಿಷ ಇಟ್ಟು ಆಮೇಲೆ ವರ್ಗಾಯಿಸಿ. ಸೈಟೋಕೈನ್, ಅಂದರೆ ಐಎಲ್-2 ಅಥವಾ ಐಎಲ್-7 ಜೊತೆ ಐಎಲ್-15 (ತಲಾ ಮಿಲಿಲೀಟರ್‌ಗೆ 5 ನ್ಯಾನೋಗ್ರಾಂ), ಪ್ಲೇಟಿಗೆ ಹೋದ ಮೇಲೆ. ಸಾಂದ್ರತೆ ಮಿಲಿಲೀಟರ್‌ಗೆ 10 ಲಕ್ಷದ ಆಸುಪಾಸು. ತೀರಾ ತೆಳುವಾಗಿ ಹರಡಿದರೆ ಬದುಕುವವೂ ಸೊರಗುತ್ತವೆ.

ಪಲ್ಸ್‌ಗೆ ಮೊದಲಿನ ಸ್ಪಿನ್ 90 ಜಿ, 10 ನಿಮಿಷ. ಆ ಪೆಲೆಟ್ ಗಟ್ಟಿ ಕೂರುವುದಿಲ್ಲ, ಟ್ಯೂಬ್ ಬಾಗಿಸಿದರೆ ಜಾರುತ್ತದೆ. ಅವಸರದಲ್ಲಿ ಮೀಡಿಯಾ ಪೂರ್ತಿ ತೆಗೆಯದೆ ಬಿಟ್ಟರೆ ಅದರ ಉಪ್ಪು ಪಿ3ಗೆ ಸೇರುತ್ತದೆ. ಪಿ3ಗೆ ಸಪ್ಲಿಮೆಂಟ್ ಹಾಕಿದ್ದೀರಿ ತಾನೆ? 20 ಮೈಕ್ರೋಲೀಟರ್‌ನಲ್ಲಿ 16.4 ದ್ರಾವಣ, 3.6 ಸಪ್ಲಿಮೆಂಟ್. ಬಫರ್‌ನಲ್ಲಿ ಸೆಲ್ 15 ನಿಮಿಷಕ್ಕಿಂತ ಹೆಚ್ಚು ಕಾಯಬಾರದು. ಹಾಗಾಗಿ ಆರ್‌ಎನ್‌ಪಿ ಮೊದಲೇ ಸಿದ್ಧ ಮಾಡಿಟ್ಟು ಆಮೇಲೆ ಸ್ಪಿನ್ ಹಾಕಿ.

ಎಂ3814 ಮೈಕ್ರೋಮೋಲಾರ್ ಒಂದೆರಡರಲ್ಲಿ ಒಂದು ದಿನ ಇಟ್ಟು ತೊಳೆದರೆ ನಾಕ್-ಇನ್ (ಟೆಂಪ್ಲೇಟ್ ಜೀನಿನಲ್ಲಿ ಕೂರುವುದು) ಏರುತ್ತದೆ. ನಾನು ಹಾಕುತ್ತೇನೆ.


ಮಣ್ಣಪಳ್ಳ | ಬುಧವಾರ, ಬೆಳಿಗ್ಗೆ 8.30

ಇದಕ್ಕೆ ನನ್ನ ಒಪ್ಪಿಗೆ ಇಲ್ಲ, ಕನಿಷ್ಠ ಈ ಹಂತದಲ್ಲಿ. ಆ ಮದ್ದು ಡಿಎನ್‌ಎ-ಪಿಕೆ ಕಿಣ್ವವನ್ನು ತಡೆದು, ತುದಿಗೆ ತುದಿ ಅಂಟಿಸುವ ರಿಪೇರಿಯನ್ನು ನಿಲ್ಲಿಸುತ್ತದೆ. ಅಂಟದೆ ಉಳಿದ ತುದಿಗಳೆಲ್ಲ ನಮ್ಮ ಟೆಂಪ್ಲೇಟನ್ನೇ ಹುಡುಕಿಕೊಂಡು ಬರುತ್ತವೆ ಎಂದು ಯಾರು ಹೇಳಿದ್ದು? ಇದೇ ಗುಂಪಿನ ಎಝಡ್‌ಡಿ7648 ಹಾಕಿದಾಗ ಕಿಲೋಬೇಸ್‌ಗಟ್ಟಲೆ ಅಳಿಸುವಿಕೆ, ಕ್ರೋಮೋಸೋಮ್ ತೋಳೇ ಹೋಗುವುದು ಹೆಚ್ಚಾಗುತ್ತದೆ ಎಂದು 2024ರಲ್ಲಿ ಪ್ರಕಟವಾಗಿದೆ. ನೀವೇ ಹೇಳಿದಿರಲ್ಲ, ಪ್ರೈಮರ್ ಕೂರದ ಅಲೀಲ್ ಲೆಕ್ಕಕ್ಕೆ ಸಿಗುವುದಿಲ್ಲ ಎಂದು. ಶೇಕಡಾ ಲೆಕ್ಕದ ಛೇದದಿಂದ (ಭಾಗಿಸುವ ಸಂಖ್ಯೆಯಿಂದ) ಕೆಟ್ಟ ಅಲೀಲ್ ಬಿಟ್ಟುಹೋದರೂ ನಾಕ್-ಇನ್ ಶೇಕಡಾ ಏರಿದಂತೆಯೇ ಕಾಣುತ್ತದೆ.

ಮೊದಲು ಟೆಂಪ್ಲೇಟ್ ಸರಿ ಮಾಡಿ. ಸಾಲದಿದ್ದರೆ ಒಂಟಿ ಎಳೆ ಡಿಎನ್‌ಎಗೆ ಹೋಗಿ, ವಿಷತ್ವ ಕಡಿಮೆ, ಖರ್ಚು ಜಾಸ್ತಿ. ಆಮೇಲೆ ಬೇಕಿದ್ದರೆ ಮದ್ದು.

ಮಣಿ ಹಾಕಿ ಸೆಲ್ ಎಬ್ಬಿಸುವ ಸಮಯ 48ರ ಜೊತೆ 72 ಗಂಟೆಯನ್ನೂ ಒಮ್ಮೆ ನೋಡಿ. ಟೆಂಪ್ಲೇಟ್ ನೋಡಿ ರಿಪೇರಿ ಮಾಡುವುದು ವಿಭಜನೆಗೆ ಹೊರಟ ಸೆಲ್ ಮಾತ್ರ. ಮೈಕ್ರೋಸ್ಕೋಪ್‌ನಲ್ಲಿ ಸೆಲ್ ದಪ್ಪವಾಗಿ ಗೊಂಚಲು ಕಟ್ಟಿರಬೇಕು. ಇಲ್ಲೊಂದು ಇಕ್ಕಟ್ಟು ಉಂಟು: ಎಬ್ಬಿಸುವ ಮೊದಲೇ ಕತ್ತರಿಸಿದರೆ ಕ್ರೋಮೋಸೋಮ್ ನಷ್ಟ ಕಡಿಮೆ ಎಂದು 2023ರಲ್ಲಿ ತೋರಿಸಿದ್ದಾರೆ, ಆದರೆ ನಿದ್ರೆಯಲ್ಲಿರುವ ಸೆಲ್‌ನಲ್ಲಿ ನಾಕ್-ಇನ್ ಸರಿಯಾಗಿ ಆಗುವುದಿಲ್ಲ. ನಾಕ್-ಔಟ್ ಮಾತ್ರ ಬೇಕಾದವರು ಆ ದಾರಿ ಹಿಡಿಯಬಹುದು, ನಿಮಗೆ ಆಗದು.

ಊರಿನ ಮಾತು ಎರಡು. ಕ್ಯಾಸ್9 ಬೆಂಗಳೂರಿನಿಂದ ಡ್ರೈ ಐಸ್‌ನಲ್ಲಿ ಬರುವುದಾದರೆ ಮೇ ಕೊನೆಯೊಳಗೆ ತರಿಸಿ. ಶಿರಾಡಿಯಲ್ಲಿ ಗುಡ್ಡ ಕುಸಿದು ಪೆಟ್ಟಿಗೆ ಒಂದು ದಿನ ಹೆಚ್ಚು ನಿಂತರೆ ಐಸ್ ಉಳಿಯುವುದಿಲ್ಲ. ಬಂದ ದಿನವೇ ಒಂದೊಂದು ಪ್ರಯೋಗಕ್ಕಾಗುವಷ್ಟು ಭಾಗ ಮಾಡಿಡಿ, ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ಮಳೆಗಾಲದಲ್ಲಿ ತಂಪಾದ ಸ್ಟ್ರಿಪ್ ಹೊರಗೆ ತೆಗೆದರೆ ಲೋಹದ ಭಾಗದ ಮೇಲೆ ಬೆವರು ಕೂರುತ್ತದೆ, ಯಂತ್ರ ಎರರ್ ತೋರಿಸುತ್ತದೆ. ಒರೆಸಿ, ಕೋಣೆಯ ತಾಪಕ್ಕೆ ಬಂದ ಮೇಲೆ ಇಡಿ.


ಉಳ್ಳಾಲ_ಟಿಸೆಲ್ | ಮುಂದಿನ ಮಂಗಳವಾರ, ರಾತ್ರಿ 8.45

ಖಾಲಿ ಎಲ್ಯೂಷನ್ ಬಫರ್ 8 ಮೈಕ್ರೋಲೀಟರ್ ಹಾಕಿದ ಬಾವಿಯಲ್ಲೇ ಜೀವಂತ ಸೆಲ್ ಶೇ. 54ಕ್ಕೆ ಇಳಿಯಿತು. ಅಂದರೆ ಟೆಂಪ್ಲೇಟ್ ಹಾಕಿದ್ದರಿಂದ ಹೆಚ್ಚಾದ ಸಾವಿನಲ್ಲಿ (ಬದುಕಿದ್ದು ಶೇ. 80ರಿಂದ 35ಕ್ಕೆ ಇಳಿದದ್ದು) ಅರ್ಧಕ್ಕಿಂತ ಹೆಚ್ಚು ಬಫರ್‌ನದ್ದೇ. ನೀರಿನಲ್ಲಿ ಇಳಿಸಿದ ಟೆಂಪ್ಲೇಟ್, ಪಾಲಿಗ್ಲುಟಾಮಿಕ್ ಆಮ್ಲ ಸೇರಿಸಿ: 1 ಮೈಕ್ರೋಗ್ರಾಂನಲ್ಲಿ ಬದುಕಿದ್ದು ಶೇ. 70, ಕಾರ್ ಶೇ. 11, 2 ಮೈಕ್ರೋಗ್ರಾಂನಲ್ಲಿ ಶೇ. 52, ಕಾರ್ ಶೇ. 14. ಲೆಕ್ಕ ಹಾಕಿದರೆ 77,000 ಮತ್ತು 72,800. 1 ಮೈಕ್ರೋಗ್ರಾಂ ಅನ್ನೇ ಇಟ್ಟುಕೊಳ್ಳುತ್ತೇನೆ. ಎಂ3814 ಮುಟ್ಟಿಲ್ಲ. ಕಾರ್ ಟ್ರ್ಯಾಕ್‌ನಲ್ಲೇ ಕೂತಿದೆ ಎಂದು ತೋರಿಸಲು ಎರಡೂ ಆರ್ಮ್‌ನ ಹೊರಗೆ ಪ್ರೈಮರ್ ಇಟ್ಟು ಪಿಸಿಆರ್ ಮಾಡಿದೆ. ಕಾರ್ ಇಲ್ಲದ 800ರ ಬ್ಯಾಂಡ್ ದಪ್ಪ, ಕಾರ್ ಇರುವ 2,700ರದ್ದು ಕಂಡೂ ಕಾಣದ ಹಾಗೆ.


ಮಣ್ಣಪಳ್ಳ | ಮುಂದಿನ ಮಂಗಳವಾರ, ರಾತ್ರಿ 9.30

ಅದು ಹಾಗೆಯೇ ಕಾಣಬೇಕು. ಪಿಸಿಆರ್‌ನಲ್ಲಿ ಚಿಕ್ಕ ತುಣುಕು ಓಡಿ ಗೆಲ್ಲುತ್ತದೆ, ಮೇಲಾಗಿ ಕಾರ್ ಇರುವುದೇ ನೂರರಲ್ಲಿ ಹನ್ನೊಂದು ಸೆಲ್‌ನಲ್ಲಿ. ಒಂದು ಪ್ರೈಮರ್ ಆರ್ಮ್‌ನ ಹೊರಗೆ, ಇನ್ನೊಂದು ಕಾರ್‌ನ ಒಳಗೆ ಇಡಿ; ಎಡಕ್ಕೊಂದು, ಬಲಕ್ಕೊಂದು ಜೋಡಿ. ಆದರೆ ನಾಲ್ಕನೇ ದಿನದ ಡಿಎನ್‌ಎಯಲ್ಲಿ ಬಿಟ್ಟುಳಿದ ಟೆಂಪ್ಲೇಟ್ ಇರುತ್ತದೆ. ಪಿಸಿಆರ್ ಸುತ್ತುಗಳಲ್ಲಿ ಅದೇ ಜೀನೋಮ್ ತುಣುಕಿಗೆ ಜಿಗಿದು ಸುಳ್ಳು ಬ್ಯಾಂಡ್ ಕೊಡಬಹುದು. ಟೆಂಪ್ಲೇಟ್ ಮಾತ್ರ ಹಾಕಿದ ಬಾವಿಯನ್ನೂ ಪಕ್ಕದಲ್ಲೇ ಓಡಿಸಿ. ಅಲ್ಲೂ ಬ್ಯಾಂಡ್ ಬಂದರೆ ಹತ್ತನೇ ದಿನದವರೆಗೆ ಸೆಲ್ ಬೆಳೆಸಿ, ಮತ್ತೆ ಡಿಎನ್‌ಎ ತೆಗೆಯಿರಿ.